ಕಡಲ ಯಾನ: ಸುಖವೆಷ್ಟು, ಎಚ್ಚರವೆಷ್ಟು?

ನಮ್ಮ ಮಂಡ್ಯ ಜಿಲ್ಲೆಗೆ ಕಡಲಿಲ್ಲ. ಕನ್ನಂಬಾಡಿಯಲ್ಲಿ ಕೃಷ್ಣರಾಜ ‘ಸಾಗರ’ವಿದೆ, ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ ಶಿವನ ‘ಸಮುದ್ರ’ವಿದೆ, ಎರಡೂ ಕಾವೇರಿಯ ಸಿಹಿನೀರೇ. ನಾಲೆಯ ನೀರಿನಲ್ಲಿ ಕಬ್ಬು ಭತ್ತ ಬೆಳೆದು ಬಾಳಿದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಉಪ್ಪುನೀರಿನ ಅಲೆಯನ್ನು ಕಣ್ಣಿಂದ ಕಾಣದೆಯೇ ಹೋದರು. ಈಗ ಕಾಲ ಬದಲಾಗಿದೆ. ನಮ್ಮ ಚಿಕಿತ್ಸಾಲಯಕ್ಕೆ ಬರುವ ನಿವೃತ್ತ ಶಿಕ್ಷಕರು, ಬ್ಯಾಂಕಿನಿಂದ ನಿವೃತ್ತರಾದವರು, ಮಕ್ಕಳು ಬೆಂಗಳೂರಿನಲ್ಲಿ ದುಡಿಯುತ್ತಿರುವ ರೈತ ದಂಪತಿಗಳು, ‘ಡಾಕ್ಟರೇ, ಹಡಗಿನ ಪ್ರವಾಸಕ್ಕೆ ಮಗ ಹಣ ಕಟ್ಟಿದ್ದಾನೆ, ಹೋಗಬಹುದೇ?’ ಎಂದು ಕೇಳುತ್ತಿದ್ದಾರೆ. ಕಳೆದ ಎರಡು ಮೂರು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯವರಿಂದ ಕೇಳಿದ್ದೇವೆ. ಆದ್ದರಿಂದ ಈ ತಿಂಗಳ ಆರೋಗ್ಯ ಅಂಕಣದಲ್ಲಿ ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಪ್ರವಾಸಕ್ಕೆಂದೇ ಸಾಗುವ ದೊಡ್ಡ ಹಡಗನ್ನು ಕ್ರೂಸ್ ಎನ್ನುತ್ತಾರೆ. ವಿದೇಶದ ಇಂತಹ ಹಡಗುಗಳು ಮಂಗಳೂರಿನ ಪಣಂಬೂರು ಬಂದರಿಗೆ ಬಹುಕಾಲದಿಂದ ಬಂದು ಹೋಗುತ್ತಿವೆ. ಅವುಗಳಿಂದಿಳಿದ ಪರದೇಶದವರು ಕಾರ್ಕಳ, ಮೂಡುಬಿದಿರೆಗಳನ್ನು ನೋಡಿ ಸಂಜೆಗೆ ಮರಳುತ್ತಾರೆ. ನಮ್ಮವರೇ ಹತ್ತುವ ಕಾಲ ಬಂದದ್ದು ಈಚೆಗೆ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಸಂಸ್ಥೆಯ ‘ಎಂಪ್ರೆಸ್’ ಎಂಬ ಹಡಗು ಮುಂಬಯಿಯಿಂದ ಯಾನ ಆರಂಭಿಸಿ, ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೂ ಆಮೇಲೆ ಚೆನ್ನೈನಿಂದ ಶ್ರೀಲಂಕೆಯ ಕಡೆಗೂ ಪ್ರಯಾಣಿಕರನ್ನು ಕರೆದೊಯ್ಯತೊಡಗಿತು. 1990ರಲ್ಲಿ ಕಟ್ಟಲಾದ, ಮೊದಲು ಅಮೆರಿಕದ ಕಡೆ ಓಡುತ್ತಿದ್ದ ಹಡಗು ಅದು. ನಾಲ್ಕಾರು ದಿನದ ಯಾನಗಳು, ಸಸ್ಯಾಹಾರದ ಏರ್ಪಾಟು, ಕಂತಿನಲ್ಲಿ ಹಣ ಕಟ್ಟುವ ಅನುಕೂಲ ಎಲ್ಲ ಸೇರಿ, ಮಧ್ಯಮವರ್ಗದ ಮನೆಗಳಲ್ಲಿ ಹಡಗಿನ ಮಾತು ಸಹಜವಾಗಿದೆ.

ಆಕರ್ಷಣೆ ಸುಳ್ಳಲ್ಲ

ಮೊದಲಿಗೆ ಅದರ ಒಳ್ಳೆಯ ಪಕ್ಷವನ್ನು ಹೇಳಬೇಕು. ವಯಸ್ಸಾದವರ ಪ್ರವಾಸದಲ್ಲಿ ದೇಹವನ್ನು ದಣಿಸುವುದು ನೋಡುವ ಸ್ಥಳಗಳಲ್ಲ, ಸ್ಥಳದಿಂದ ಸ್ಥಳಕ್ಕೆ ಹೋಗುವ ಅಲೆದಾಟ. ಪ್ರತಿದಿನ ಹೊಸ ವಸತಿಗೃಹ, ಪ್ರತಿದಿನ ಗಂಟುಮೂಟೆ ಕಟ್ಟುವುದು, ಹೊತ್ತಲ್ಲದ ಹೊತ್ತಿನಲ್ಲಿ ಊಟ, ಬಸ್ಸಿನಲ್ಲಿ ನಾಲ್ಕು ಗಂಟೆ ಮೂತ್ರವನ್ನು ತಡೆದುಕೊಂಡು ಕೂರುವುದು. ಆಯುರ್ವೇದವು ವೇಗಧಾರಣೆಯನ್ನು, ಅಂದರೆ ಮಲಮೂತ್ರಾದಿ ವೇಗಗಳನ್ನು ತಡೆಯುವುದನ್ನು, ರೋಗಗಳಿಗೆ ಮುಖ್ಯ ಕಾರಣವೆಂದು ಹೇಳುತ್ತದೆ. ಹಡಗಿನಲ್ಲಿ ಈ ತೊಂದರೆಗಳಿಲ್ಲ. ಒಮ್ಮೆ ಪೆಟ್ಟಿಗೆ ಬಿಚ್ಚಿದರೆ ಆಯಿತು. ಕೊಠಡಿಯೇ ನಮ್ಮೊಡನೆ ಸಾಗುತ್ತದೆ. ಶೌಚಾಲಯ ಹತ್ತು ಹೆಜ್ಜೆಯಲ್ಲಿ. ಬೆಳಗಿನ ಲಿಂಗಪೂಜೆಗೆ ಬಾಗಿಲು ಹಾಕಿಕೊಂಡು ಕುಳಿತುಕೊಳ್ಳುವ ಏಕಾಂತವಿದೆ. ಮೇಲಿನ ಅಂತಸ್ತಿನಲ್ಲಿ ಬೆಳಗ್ಗೆ ನಡೆದಾಡಲು ಸಮತಟ್ಟಾದ ಜಾಗವಿದೆ. ಅಜ್ಜ, ಮಗ, ಮೊಮ್ಮಗಳು ಮೂರು ತಲೆಮಾರಿನವರು ಮೊಬೈಲಿನ ಹಂಗು ಕಡಿಮೆಯಾಗಿ ಒಂದೇ ಮೇಜಿನ ಸುತ್ತ ಕೂರುವುದೂ ಒಂದು ಚಿಕಿತ್ಸೆಯೇ.

ಇಷ್ಟನ್ನು ನಾವು ಕೇಳಿ ಹೇಳುತ್ತಿಲ್ಲ, ಅನುಭವಿಸಿಯೇ ಹೇಳುತ್ತಿದ್ದೇವೆ. ಕೆಲವು ವರ್ಷಗಳ ಹಿಂದೆ ಒಂದು ನವೆಂಬರಿನಲ್ಲಿ ಮೂರು ದಂಪತಿಗಳು ಕೂಡಿ ಹೊರಟೆವು. ಮಂಡ್ಯದಿಂದ ನಾವು ಮತ್ತು ನಮ್ಮ ಮನೆಯವರು, ಮದ್ದೂರಿನಿಂದ ಕಬ್ಬಿನ ಬೆಳೆಗಾರರಾದ ನಮ್ಮ ಬಾಲ್ಯದ ಗೆಳೆಯರು, ಮಳವಳ್ಳಿಯಿಂದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು. ಮಂಡ್ಯದಲ್ಲಿ ರೈಲು ಹತ್ತಿದೆವು. ಮದ್ದೂರಿನಲ್ಲಿ ಗೆಳೆಯರು ವಡೆಯ ಪೊಟ್ಟಣದೊಡನೆ ಸೇರಿಕೊಂಡರು. ಮರುದಿನ ಕೊಚ್ಚಿಯಲ್ಲಿ ಹಡಗಿನೊಳಗಿದ್ದೆವು. ಅರವತ್ತನಾಲ್ಕು ವರ್ಷದ ಮುಖ್ಯೋಪಾಧ್ಯಾಯರು ಕಡಲನ್ನು ನೋಡುತ್ತಿದ್ದುದು ಅದೇ ಮೊದಲು. ಸೂರ್ಯ ಮುಳುಗುವವರೆಗೂ ಕಂಬಿ ಹಿಡಿದು ಮಾತಿಲ್ಲದೆ ನಿಂತಿದ್ದರು. ಆ ಸಂತೋಷವನ್ನು ಕಂಡವರು ಯಾರೂ ಈ ಪ್ರವಾಸವನ್ನು ಬರಿಯ ಆಡಂಬರವೆಂದು ತಳ್ಳಿಹಾಕಲಾರರು.

ಓಲಾಟದ ವಾಂತಿ

ಹಡಗಿನ ಮೊದಲ ತೊಂದರೆ ತಲೆಸುತ್ತು, ವಾಕರಿಕೆ, ವಾಂತಿ. ಇದರ ಮೂಲ ಹೊಟ್ಟೆಯಲ್ಲಿಲ್ಲ, ಕಿವಿಯಲ್ಲಿದೆ. ಒಳಗಿವಿಯಲ್ಲಿರುವ ಸಮತೋಲನದ ಅಂಗವು ‘ದೇಹ ಓಲಾಡುತ್ತಿದೆ’ ಎಂದು ಮಿದುಳಿಗೆ ತಿಳಿಸುತ್ತದೆ. ಕೊಠಡಿಯ ಗೋಡೆಯನ್ನು ನೋಡುತ್ತಿರುವ ಕಣ್ಣು ‘ಎಲ್ಲವೂ ಸ್ಥಿರವಾಗಿದೆ’ ಎನ್ನುತ್ತದೆ. ಈ ಎರಡು ಸಾಕ್ಷ್ಯಗಳ ವಿರೋಧದಿಂದ ವಾಕರಿಕೆ ಹುಟ್ಟುತ್ತದೆ. ಆದಕಾರಣವೇ ಹೊರಗೆ ಬಂದು ದೂರದ ದಿಗಂತವನ್ನು ನೋಡಿದರೆ ಬಾಧೆ ತಗ್ಗುತ್ತದೆ, ಮಲಗಿ ಪುಸ್ತಕ ಅಥವಾ ಮೊಬೈಲು ನೋಡಿದರೆ ಹೆಚ್ಚುತ್ತದೆ. ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೊಠಡಿಗಳಲ್ಲಿ ಓಲಾಟ ಕಡಿಮೆ. ಮುಂಗಡೆ ಹಿಂಗಡೆಗಳಲ್ಲಿ, ಮೇಲಿನ ಅಂತಸ್ತುಗಳಲ್ಲಿ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮುಂಗಾರಿನ ಅರಬ್ಬೀ ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ. ಆಯುರ್ವೇದದ ಪ್ರಕಾರ ವರ್ಷಾ ಋತುವಿನಲ್ಲಿ ಜಠರಾಗ್ನಿಯೂ ಮಂದ, ವಾತವೂ ಪ್ರಕೋಪ. ಆ ಕಾಲದ ಕಡಲ ಯಾನ ಬೇಡವೇ ಬೇಡ.

ನಮ್ಮ ಶಾಸ್ತ್ರದಲ್ಲಿ ಛರ್ದಿ, ಅಂದರೆ ವಾಂತಿಯನ್ನು, ಐದು ಬಗೆಯಾಗಿ ವಿಂಗಡಿಸಿದ್ದಾರೆ. ಮನಸ್ಸಿಗೆ ಒಗ್ಗದ ವಾಸನೆ, ನೋಟ, ಆಹಾರಗಳಿಂದ ಬರುವುದು ಅವುಗಳಲ್ಲಿ ಒಂದು. ಹಡಗಿನ ಅಡುಗೆಮನೆಯ ಅಪರಿಚಿತ ವಾಸನೆ ಓಲಾಟಕ್ಕೆ ಸೇರಿದಾಗ ಬಾಧೆ ಇಮ್ಮಡಿಯಾಗುವುದನ್ನು ನಾವು ಕಣ್ಣಾರೆ ಕಂಡೆವು. ಇದಕ್ಕೆ ಶುಂಠಿ ಒಳ್ಳೆಯ ಔಷಧ. 1988ರಲ್ಲಿ ಡೆನ್ಮಾರ್ಕಿನ 80 ಮಂದಿ ನೌಕಾ ತರಬೇತಿದಾರರ ಮೇಲೆ ತೆರೆದ ಕಡಲಿನಲ್ಲೇ ನಡೆದ ಪರೀಕ್ಷೆಯಲ್ಲಿ, 1 ಗ್ರಾಂ ಶುಂಠಿಪುಡಿ ವಾಂತಿಯನ್ನೂ ತಣ್ಣನೆಯ ಬೆವರನ್ನೂ ತಗ್ಗಿಸಿತೆಂದು ಪ್ರಕಟವಾಗಿದೆ. ಒಣಶುಂಠಿಯ ಚೂರು, ಏಲಕ್ಕಿ, ನಿಂಬೆಯ ವಾಸನೆ, ಭತ್ತದ ಅರಳಿನ ತೆಳು ಗಂಜಿ ಇವು ನಮ್ಮ ಮನೆಯ ಮದ್ದುಗಳು. ಆದರೆ ರಕ್ತವನ್ನು ತೆಳುಮಾಡುವ ಮಾತ್ರೆ ಸೇವಿಸುವವರು ಶುಂಠಿಯನ್ನು ಔಷಧದ ಪ್ರಮಾಣದಲ್ಲಿ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಅಂಗಡಿಯಲ್ಲಿ ಸಿಗುವ ವಾಂತಿಯ ಮಾತ್ರೆಗಳು ಕೆಲಸ ಮಾಡುತ್ತವೆ, ನಿಜ. ಆದರೆ ಅವುಗಳಲ್ಲಿ ಹಲವು ಮಂಪರು ತರುತ್ತವೆ, ಪ್ರಾಸ್ಟೇಟ್ ಗ್ರಂಥಿ ಊದಿರುವ ಗಂಡಸರಲ್ಲಿ ಮೂತ್ರವನ್ನೇ ಕಟ್ಟಿಬಿಡಬಹುದು, ಕಣ್ಣಿನ ಒತ್ತಡದ ಕಾಯಿಲೆಯುಳ್ಳವರಿಗೂ ಒಗ್ಗದಿರಬಹುದು.

ಆ ರಾತ್ರಿಯ ಪಾಠ

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಎರಡನೆಯ ದಿನ ಸಂಜೆ ಗಾಳಿ ಎದ್ದಿತು. ಮಳವಳ್ಳಿಯ ಮುಖ್ಯೋಪಾಧ್ಯಾಯರಿಗೆ ಹನ್ನೆರಡು ವರ್ಷದಿಂದ ಮಧುಮೇಹ. ಊಟಕ್ಕೆ ಮುಂಚಿನ ಸಕ್ಕರೆ ಮಾತ್ರೆಯನ್ನು ಮನೆಯಲ್ಲಿ ನುಂಗುವಂತೆಯೇ ನುಂಗಿ ಊಟದ ಸಭಾಂಗಣಕ್ಕೆ ಬಂದರು. ವಾಸನೆಗೇ ವಾಕರಿಕೆ ಬಂದು, ಒಂದು ತುತ್ತೂ ಉಣ್ಣದೆ ಹಿಂದಿರುಗಿ ಎರಡು ಬಾರಿ ವಾಂತಿ ಮಾಡಿಕೊಂಡರು. ನಾವು ಹೋಗಿ ನಾಡಿ ನೋಡಿ, ‘ಕಡಲಿನ ಓಲಾಟ, ಬೇರೇನಲ್ಲ’ ಎಂದು ಶುಂಠಿ ನಿಂಬೆರಸ ಕೊಟ್ಟು ಮಲಗಲು ಹೇಳಿ ಬಂದೆವು.

ರಾತ್ರಿ 2 ಗಂಟೆಗೆ ಅವರ ಮನೆಯವರು ಕೊಠಡಿಯ ದೂರವಾಣಿಯಲ್ಲಿ ಕರೆದರು. ಹೋಗಿ ನೋಡಿದರೆ ಅಂಗಿ ಬೆವರಿನಲ್ಲಿ ತೊಯ್ದಿದೆ, ಕೈ ತಣ್ಣಗಿದೆ, ನಾಡಿ ಓಡುತ್ತಿದೆ, ಮಾತು ತೊದಲುತ್ತಿದೆ. ಆಗಲೂ ನಮ್ಮ ಮನಸ್ಸು ಓಲಾಟವನ್ನೇ ಹಿಡಿದುಕೊಂಡಿತ್ತು. ಅವರು ತಮ್ಮ ಹೆಂಡತಿಯ ಮುಖ ನೋಡಿ ‘ನೀವು ಯಾರು?’ ಎಂದಾಗ ನಮಗೆ ತಟ್ಟನೆ ಹೊಳೆಯಿತು: ಮಾತ್ರೆ ಹೊಟ್ಟೆಯಲ್ಲಿದೆ, ಅನ್ನವಿಲ್ಲ. ಆ ತಾಯಿ ಗಾಬರಿಯಿಂದ ಚೀಲದಲ್ಲಿದ್ದ ಬೆಲ್ಲದ ಚೂರನ್ನು ಅವರ ಬಾಯಿಗಿಡಲು ಹೋದರು, ನಾವು ತಡೆದೆವು. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಏನನ್ನು ಹಾಕಿದರೂ ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಬಹುದು. ಹಡಗಿನ ಚಿಕಿತ್ಸಾ ಕೇಂದ್ರಕ್ಕೆ ಕರೆ ಮಾಡಿದೆವು. ಕೆಲವೇ ನಿಮಿಷಗಳಲ್ಲಿ ದಾದಿಯೊಬ್ಬರು ಗಾಲಿಕುರ್ಚಿಯೊಡನೆ ಬಂದರು. ರಕ್ತದ ಸಕ್ಕರೆ 42 ಇತ್ತು. ವೈದ್ಯರು ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟರು. ಹತ್ತು ನಿಮಿಷದಲ್ಲಿ ಮುಖ್ಯೋಪಾಧ್ಯಾಯರು ಕಣ್ಣರಳಿಸಿ ‘ಯಾವ ಊರು ಇದು?’ ಎಂದರು. ಆ ಬಗೆಯ ಮಾತ್ರೆಯ ಪ್ರಭಾವ ಬಹಳ ಹೊತ್ತು ಉಳಿಯುವುದರಿಂದ ಸಕ್ಕರೆ ಮತ್ತೆ ಇಳಿಯಬಹುದೆಂದು ಬೆಳಗಿನವರೆಗೆ ಅಲ್ಲಿಯೇ ಇರಿಸಿಕೊಂಡರು.

ಹಡಗಿನವರದು ಇದರಲ್ಲಿ ಏನೂ ತಪ್ಪಿಲ್ಲ, ತಪ್ಪು ನಮ್ಮದು. ಚೀಲದ ತುಂಬ ಚೂರ್ಣ ಗುಳಿಗೆಗಳನ್ನು ಒಯ್ದ ನಾವು, ಮಧುಮೇಹಿಯೊಬ್ಬರು ಜೊತೆಗಿದ್ದಾರೆಂದು ತಿಳಿದಿದ್ದರೂ ಸಕ್ಕರೆ ಅಳೆಯುವ ಅಂಗೈಯಗಲದ ಯಂತ್ರವನ್ನು ಒಯ್ಯಲಿಲ್ಲ. ‘ಊಟ ಮಾಡಿದಿರಾ, ಮಾತ್ರೆ ನುಂಗಿದಿರಾ?’ ಎಂಬ ಎರಡು ಪ್ರಶ್ನೆಗಳನ್ನು ಸಂಜೆಯೇ ಕೇಳಿದ್ದರೆ ಆ ರಾತ್ರಿ ಬರುತ್ತಿರಲಿಲ್ಲ. ಮೂರೂವರೆ ದಶಕ ವೈದ್ಯವೃತ್ತಿ ಮಾಡಿದವರಿಗೂ ಸ್ಥಳ ಬದಲಾದಾಗ ಕಣ್ಣು ಮಂಜಾಗುತ್ತದೆ ಎಂಬುದನ್ನು ವಾಚಕರು ಗಮನಿಸಬೇಕು. ಹಡಗಿನಲ್ಲಿ ಬರುವ ಪ್ರತಿ ತಲೆಸುತ್ತೂ ಕಡಲಿನದಲ್ಲ. ಎದೆನೋವು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಗೊಂದಲ, ಮೂತ್ರ ಬಾರದಿರುವುದು, ಇವುಗಳನ್ನು ಓಲಾಟದ ಲೆಕ್ಕಕ್ಕೆ ಬರೆಯಬಾರದು.

ಊಟದ ಸಭಾಂಗಣ

ಎರಡನೆಯ ತೊಂದರೆ ಊಟದ್ದು. ಕೊರತೆಯಿಂದಲ್ಲ, ಅತಿಯಿಂದ. ಬೆಳಗಿನಿಂದ ನಡುರಾತ್ರಿಯವರೆಗೆ ಬಡಿಸುತ್ತಲೇ ಇರುತ್ತಾರೆ. ಹಣ ಮೊದಲೇ ಕಟ್ಟಿರುವುದರಿಂದ ‘ಉಣ್ಣದಿದ್ದರೆ ನಷ್ಟ’ ಎಂಬ ಭಾವ ಬರುತ್ತದೆ. ಮೊದಲು ಉಂಡದ್ದು ಜೀರ್ಣವಾಗುವ ಮೊದಲೇ ಮತ್ತೆ ಉಣ್ಣುವುದಕ್ಕೆ ಆಯುರ್ವೇದದಲ್ಲಿ ‘ಅಧ್ಯಶನ’ವೆಂದು ಹೆಸರು. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಆಹಾರವನ್ನು ಕುರಿತು ವಿಚಾರಿಸಬೇಕಾದ ಎಂಟು ಅಂಶಗಳನ್ನು ಹೇಳಿದೆ: ಪದಾರ್ಥದ ಸ್ವಭಾವ, ಸಂಸ್ಕಾರ, ಸಂಯೋಗ, ಪ್ರಮಾಣ, ದೇಶ, ಕಾಲ, ಉಣ್ಣುವ ನಿಯಮ ಮತ್ತು ಉಣ್ಣುವವನು. ಹಡಗಿನ ಮೇಜಿನ ಮುಂದೆ ಈ ಎಂಟೂ ಮರೆತುಹೋಗುತ್ತವೆ. ಹಾಲಿನ ಪಾಯಸದ ಪಕ್ಕದಲ್ಲೇ ಹುಳಿಹಣ್ಣು, ಅದರ ಪಕ್ಕದಲ್ಲಿ ಹುರಿದದ್ದು, ಮೇಲೆ ಐಸ್‌ಕ್ರೀಮು. ಹೊಟ್ಟೆಯ ನಾಲ್ಕು ಪಾಲಿನಲ್ಲಿ ಎರಡನ್ನು ಅನ್ನಕ್ಕೆ, ಒಂದನ್ನು ನೀರಿಗೆ ಕೊಟ್ಟು ಒಂದನ್ನು ಗಾಳಿಗೆ ಬಿಡಬೇಕೆಂಬ ವಾಗ್ಭಟಾಚಾರ್ಯರ ನಿಯಮವೊಂದನ್ನು ಪಾಲಿಸಿದರೂ ಸಾಕು. ಸಿದ್ಧ ಆಹಾರದಲ್ಲಿ ಉಪ್ಪು ಹೆಚ್ಚು. ರಕ್ತದೊತ್ತಡ, ಹೃದಯದ ಕಾಯಿಲೆ ಇರುವವರ ಕಾಲಿನ ಊತ ನಾಲ್ಕೇ ದಿನದಲ್ಲಿ ಏರಬಹುದು. ಮಧ್ಯಾಹ್ನದ ದೀರ್ಘ ನಿದ್ರೆ ಕಫವನ್ನೂ, ರಾತ್ರಿಯ ಸಂಗೀತ ಕಾರ್ಯಕ್ರಮಗಳ ಜಾಗರಣೆ ವಾತವನ್ನೂ ಕೆರಳಿಸುತ್ತದೆ. ಮುದ್ದೆ ಬಸ್ಸಾರು ಉಂಡು ಗದ್ದೆಯಲ್ಲಿ ನಡೆದಾಡಿದ ದೇಹಕ್ಕೆ ಇದು ದೊಡ್ಡ ಬದಲಾವಣೆ.

ಇನ್ನೊಂದು ಮಾತು. ತಟ್ಟೆ ತುಂಬ ಬಡಿಸಿಕೊಂಡು ಅರ್ಧ ಬಿಟ್ಟೇಳುವವರನ್ನು ಅಲ್ಲಿ ಬಹಳ ಕಂಡೆವು. ಅನ್ನವನ್ನು ಪ್ರಸಾದವೆಂದು ತಿಳಿದ ನಮಗೆ ಅದು ತಕ್ಕದ್ದಲ್ಲ. ತಿಂಗಳುಗಟ್ಟಲೆ ಮನೆ ಬಿಟ್ಟು ಹಡಗಿನಲ್ಲೇ ದುಡಿಯುವ ಹುಡುಗರು ಆ ತಟ್ಟೆಗಳನ್ನು ಎತ್ತುತ್ತಾರೆ. ಅವರ ಕಾಯಕಕ್ಕೂ ಗೌರವ ಕೊಡಬೇಕು.

ಒಂದೇ ಸೂರಿನ ಸಾವಿರಾರು ಜನ

ಮೂರನೆಯದು ಸೋಂಕು. ಸಾವಿರಾರು ಜನ ಒಂದೇ ಸೂರಿನಡಿ ಉಂಡು, ಒಂದೇ ಕಂಬಿಯನ್ನು ಮುಟ್ಟಿ, ಮುಚ್ಚಿದ ಸಭಾಂಗಣಗಳಲ್ಲಿ ಉಸಿರಾಡುವ ಕಡೆ ಸಾಂಕ್ರಾಮಿಕಕ್ಕೆ ದಾರಿ ಸುಲಭ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತಡೆಹಿಡಿಯಲಾದ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ಯಾರೂ ಮರೆತಿರಲಾರರು. ಅದರಲ್ಲಿದ್ದ 3,711 ಜನರಲ್ಲಿ 712 ಮಂದಿಗೆ ಕೊರೊನಾ ತಗುಲಿತು. ಹಡಗಿನಲ್ಲಿ 138 ಮಂದಿ ಭಾರತೀಯರಿದ್ದರು, ಅವರಲ್ಲಿ ಹೆಚ್ಚಿನವರು ಕೆಲಸಗಾರರು. ಅದು ಅಪರೂಪದ ಸಂದರ್ಭ. ಸಾಮಾನ್ಯವಾಗಿ ಹಡಗುಗಳನ್ನು ಕಾಡುವುದು ನೊರೊವೈರಸ್ ಎಂಬ ವಾಂತಿಭೇದಿಯ ವಿಷಾಣು. ತಗುಲಿದ 12ರಿಂದ 48 ಗಂಟೆಗಳಲ್ಲಿ ವಾಂತಿ ಭೇದಿ ಶುರುವಾಗಿ ಒಂದರಿಂದ ಮೂರು ದಿನ ಕಾಡುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ತನ್ನ ವ್ಯಾಪ್ತಿಯ ಹಡಗಿನಲ್ಲಿ ನೂರಕ್ಕೆ 3 ಮಂದಿಗೆ ಇಂತಹ ಕಾಯಿಲೆ ಬಂದರೆ ಅದನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಇಲ್ಲಿ ತಿಳಿಯಬೇಕಾದ ಮುಖ್ಯ ವಿಷಯವೆಂದರೆ, ಬಾಗಿಲಿನಲ್ಲಿ ಕೈಗೆ ಹಾಕುವ ಸ್ಯಾನಿಟೈಸರ್ ದ್ರವ ಈ ವಿಷಾಣುವಿಗೆ ಸಾಲದು. ಸೋಪು ನೀರಿನಿಂದ ಕೈ ತೊಳೆಯಲೇಬೇಕು. ಉಣ್ಣುವ ಮುಂಚೆ ಕೈಕಾಲು ತೊಳೆಯುವ ನಮ್ಮ ಹಿರಿಯರ ಅಭ್ಯಾಸವನ್ನು ಹಡಗಿನಲ್ಲಿ ಇನ್ನಷ್ಟು ಬಿಗಿಯಾಗಿ ಪಾಲಿಸಬೇಕು.

ನಾಲ್ಕನೆಯದು ದೂರ. ಕಡಲ ನಡುವೆ ದೊಡ್ಡಾಸ್ಪತ್ರೆಯಿಲ್ಲ. ಹಡಗಿನ ವೈದ್ಯರು ಪ್ರಥಮ ಚಿಕಿತ್ಸೆ ಮಾಡಬಲ್ಲರು. ಹೃದಯದ ನಾಳದ ಚಿಕಿತ್ಸೆಗೆ, ಶಸ್ತ್ರಚಿಕಿತ್ಸೆಗೆ ದಡ ಸೇರಬೇಕು. ಮೊಬೈಲಿನ ಸಂಪರ್ಕ ದಡ ಬಿಟ್ಟ ಸ್ವಲ್ಪ ಹೊತ್ತಿಗೇ ಕಡಿಯುತ್ತದೆ. ಚಿಕಿತ್ಸೆಯ ವೆಚ್ಚ ಪ್ರವಾಸದ ಹಣದಲ್ಲಿ ಸೇರಿರುವುದಿಲ್ಲ. ನಮ್ಮ ಮುಖ್ಯೋಪಾಧ್ಯಾಯರೂ ಬೇರೆಯಾಗಿಯೇ ತೆರಬೇಕಾಯಿತು. ಲಕ್ಷದ್ವೀಪದಂತಹ ಕಡೆ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕಿ, ಪ್ರಯಾಣಿಕರು ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ. ಅಲೆಯ ಮೇಲೆ ಏರಿಳಿಯುವ ದೋಣಿಗೆ ಕಾಲಿಡುವುದು ಮೊಣಕಾಲು ನೋವಿನವರಿಗೆ ಸುಲಭವಲ್ಲ. ಮದ್ದೂರಿನ ಗೆಳೆಯರ ಮನೆಯವರು ಅದಕ್ಕೆ ಅಂಜಿ ದ್ವೀಪವನ್ನು ಹಡಗಿನಿಂದಲೇ ನೋಡಿದರು.

ಯಾರಿಗೆ ಬೇಡ, ಯಾರಿಗೆ ಸರಿ

ಹೃದಯಾಘಾತ, ಪಾರ್ಶ್ವವಾಯು ಅಥವಾ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಹೆಚ್ಚು ಕಾಲವಾಗದವರು, ಡಯಾಲಿಸಿಸ್‌ನಲ್ಲಿರುವವರು, ಹತೋಟಿಗೆ ಬಾರದ ಮಧುಮೇಹ ಅಥವಾ ರಕ್ತದೊತ್ತಡ ಇರುವವರು, ಆಮ್ಲಜನಕದ ನೆರವು ಬೇಕಾದವರು, ತುಂಬು ಗರ್ಭಿಣಿಯರು, ಸ್ಥಳ ಬದಲಾದರೆ ದಿಗ್ಭ್ರಮೆಗೊಳ್ಳುವ ಮರೆವಿನ ಕಾಯಿಲೆಯವರು ಈ ಯಾನಕ್ಕೆ ಹೋಗದಿರುವುದು ಲೇಸು. ಉಳಿದವರು ಮುನ್ನೆಚ್ಚರಿಕೆಯಿಂದ ಹೋಗಬಹುದು. ಹೊರಡುವವರು ಈ ಕೆಲವು ವಿಷಯಗಳನ್ನು ಮನಸ್ಸಿನಲ್ಲಿಡಬೇಕು.

ಹೊರಡುವ ಒಂದು ತಿಂಗಳ ಮುಂಚೆ ತಮ್ಮ ವೈದ್ಯರನ್ನು ಕಂಡು, ‘ವಾಂತಿಯಾಗಿ ಊಟ ಸೇರದಿದ್ದರೆ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು?’ ಎಂದು ಕೇಳಿ ಬರೆಸಿಕೊಳ್ಳಬೇಕು. ಸಕ್ಕರೆಯ ಮಾತ್ರೆ, ಇನ್ಸುಲಿನ್, ಮೂತ್ರ ಹೆಚ್ಚಿಸುವ ಒತ್ತಡದ ಮಾತ್ರೆಗಳ ವಿಷಯದಲ್ಲಿ ಇದು ಅತ್ಯಗತ್ಯ. ತಾವಾಗಿಯೇ ಏನನ್ನೂ ನಿಲ್ಲಿಸಬಾರದು.

ಔಷಧಗಳನ್ನು ಬೇಕಾದುದಕ್ಕಿಂತ ಐದು ದಿನದಷ್ಟು ಹೆಚ್ಚಾಗಿ, ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ದೊಡ್ಡ ಪೆಟ್ಟಿಗೆ ಕೊಠಡಿಗೆ ಬರುವುದು ತಡವಾಗಬಹುದು. ಔಷಧಗಳ ಹೆಸರು, ಪ್ರಮಾಣ, ಅಲರ್ಜಿ, ಮನೆಯವರ ದೂರವಾಣಿ ಸಂಖ್ಯೆ ಬರೆದ ಚೀಟಿ ಜೇಬಿನಲ್ಲಿರಲಿ.

ಮಧುಮೇಹಿಗಳು ಸಕ್ಕರೆ ಅಳೆಯುವ ಯಂತ್ರವನ್ನೂ ಗ್ಲೂಕೋಸ್ ಪೊಟ್ಟಣವನ್ನೂ ಒಯ್ಯಬೇಕು. ಸಕ್ಕರೆ 70ಕ್ಕಿಂತ ಇಳಿದು, ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಚಮಚ ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕೊಟ್ಟು, 15 ನಿಮಿಷದ ಮೇಲೆ ಮತ್ತೆ ಅಳೆಯಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ, ವೈದ್ಯರನ್ನು ಕರೆಯಬೇಕು.

ಹಡಗು ಹತ್ತಿದೊಡನೆ ಈಜುಕೊಳವನ್ನು ಹುಡುಕುವ ಮುಂಚೆ ಚಿಕಿತ್ಸಾ ಕೇಂದ್ರ ಎಲ್ಲಿದೆ, ಅದರ ಸಂಖ್ಯೆ ಯಾವುದು ಎಂದು ತಿಳಿದುಕೊಳ್ಳಬೇಕು. ಪ್ರಯಾಣದ ವಿಮೆ ಹಡಗಿನೊಳಗಿನ ಚಿಕಿತ್ಸೆಗೂ ಅನ್ವಯಿಸುವುದೇ ಎಂದು ಹಣ ಕಟ್ಟುವ ಮೊದಲೇ ಕೇಳಿ ತಿಳಿಯಬೇಕು.

ಹಡಗಿನ ಹಣ ಹೊಂದಿಸಲಾಗದವರು ಬೇಸರಿಸಬೇಕಾಗಿಲ್ಲ. ಹೊಳೆಯ ದಡದಲ್ಲಿ ಒಂದು ಹಗಲು ಮನೆಮಂದಿಯೆಲ್ಲ ಕೂಡಿ ಬುತ್ತಿ ಬಿಚ್ಚಿ ಉಣ್ಣುವುದರಲ್ಲಿ ಮನಸ್ಸಿಗೆ ಸಿಗುವ ವಿಶ್ರಾಂತಿ ಕಡಿಮೆಯದಲ್ಲ; ಮುತ್ತತ್ತಿ, ಶಿವನಸಮುದ್ರಗಳು ನಮ್ಮ ಹತ್ತಿರವೇ ಇವೆ. ಆದರೆ ಕಡಲನ್ನೇ ಕಾಣಬೇಕೆಂಬ ಆಸೆಯುಳ್ಳ ಹಿರಿಯರನ್ನು ‘ಈ ವಯಸ್ಸಿನಲ್ಲಿ ಯಾಕೆ?’ ಎಂದು ತಡೆಯುವುದೂ ಸರಿಯಲ್ಲ. ಸಿದ್ಧತೆ ಮಾಡಿಸಿ ಕಳುಹಿಸಬೇಕು.

ನಮ್ಮ ಮುಖ್ಯೋಪಾಧ್ಯಾಯರು ಈಗಲೂ ಎರಡು ತಿಂಗಳಿಗೊಮ್ಮೆ ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದು ನಮ್ಮನ್ನು ಕಾಣುತ್ತಾರೆ. ಆ ರಾತ್ರಿ ಅವರಿಗೆ ನೆನಪಿಲ್ಲ. ಕಂಬಿ ಹಿಡಿದು ನಿಂತ ಸಂಜೆ ಮಾತ್ರ ನೆನಪಿದೆ, ಮತ್ತೊಮ್ಮೆ ಹೋಗೋಣವೆನ್ನುತ್ತಾರೆ. ಅವರ ಮನೆಯವರಿಗೆ ಆ ರಾತ್ರಿಯೇ ನೆನಪು. ಸಂತೆಗೆ ಹೊರಟರೂ ಅವರ ಚೀಲದಲ್ಲಿ ಗ್ಲೂಕೋಸ್ ಪೊಟ್ಟಣ ಇರುತ್ತದೆ. ನಾವು ಹೋಗೋಣವೆಂದೇ ಹೇಳಿದ್ದೇವೆ. ಈ ಬಾರಿ ಯಂತ್ರವನ್ನು ನಾವೇ ಒಯ್ಯುವುದಾಗಿ ಮಾತು ಕೊಟ್ಟಿದ್ದೇವೆ.